ಗಂಡೋರಿ ಆಡಿಯೋದ ಹೊಸ ಮಾಲಕರು

6 ಜೂನ್ 2024

ಮುಂಜಾನೆ ಚಹಾ ಕುಡಿಯುವಾಗ ಹೆಂಡತಿ ಶೀಲಾ ಸ್ಪಷ್ಟವಾಗಿ ಹೇಳಿಬಿಟ್ಟಳು. “ಇನ್ನೊಮ್ಮೆ ಮನ್ಯಾಗ ಕಂಪನಿ ಸುದ್ದಿ ತಗದ್ರ ನಾ ಬೀದರಕ್ಕ ಅಕ್ಕನ ಮನಿಗಿ ಹೋಗಿ ಕುಂದರ್ತೀನಿ ನೋಡ್ರಿ.”

ಮಗಳು ಪ್ರೀತಿ ಕಾಲೇಜಿಗೆ ಹೊರಟಿದ್ದವಳು ನಕ್ಕು, ಚೀಲದಿಂದ ಈ ಡೈರಿ ತೆಗೆದು ನನ್ನ ಮುಂದೆ ಸರಿಸಿದಳು. “ಅಪ್ಪಾ, ಇದರಾಗ ಬರಕೋ. ಇದು ಎದ್ದು ಹೋಗಂಗಿಲ್ಲ.”

ಹೀಗಾಗಿ ಬರೆಯುತ್ತಿದ್ದೇನೆ. ಯಾರೂ ಓದುವುದಿಲ್ಲ, ಒಳ್ಳೆಯದೇ ಆಯಿತು.

ಸುದ್ದಿ ಇಷ್ಟೇ. ಗಂಡೋರಿ ಆಡಿಯೋ ಮಾರುತ್ತಿದ್ದೇನೆ. ಕ್ಯಾಸೆಟ್ಟಿನ ಕಾಲದಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಮಳಿಗೆಯೊಂದರಲ್ಲಿ ಶುರು ಮಾಡಿದ ಕಂಪನಿ; ನನ್ನೂರು ಮಹಾಗಾಂವದ ಮಗ್ಗುಲಿನ ಹಳ್ಳದ ಹೆಸರನ್ನೇ ಇಟ್ಟೆ. ಸಿನಿಮಾ ಹಾಡು ಮಾರಲು ದೊಡ್ಡ ದೊಡ್ಡ ಕಂಪನಿಗಳಿದ್ದವು. ನಾನು ಮೊಹರಮ್ ಪದ, ಭಜನೆ, ಕವ್ವಾಲಿ, ಜೋಗುಳ ಮಾರಿದೆ. ನಮ್ಮ ಕಡೆಯ ಲಾರಿ, ಟೆಂಪೋಗಳಲ್ಲೆಲ್ಲ ನನ್ನ ಕ್ಯಾಸೆಟ್ಟು ಹಾಡಿದ ಕಾಲವೊಂದಿತ್ತು. ಈಗ ಎಲ್ಲವೂ ಫೋನಿನಲ್ಲಿದೆ. ಕಟ್ಟಡದವರು ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಾರಂತೆ, ದಸರೆಯೊಳಗೆ ಮಳಿಗೆ ಬಿಡಿ ಎಂದಿದ್ದಾರೆ. ಅದೇ ಹೊತ್ತಿಗೆ ಹೈದರಾಬಾದಿನ ಕಂಪನಿಯೊಂದು ತಾನಾಗಿ ಕೇಳಿಕೊಂಡು ಬಂದಿದೆ. ಅರವತ್ತೇಳು ವಯಸ್ಸಿನವನಿಗೆ ಇದಕ್ಕಿಂತ ಒಳ್ಳೆಯ ಯೋಗ ಯಾವುದು?

ಮನಸ್ಸು ಗಟ್ಟಿಯಾಗಿದೆ. ಅದನ್ನು ಬರೆದಿಡಬೇಕೆನಿಸಿತು.

11 ಜೂನ್

ಹೈದರಾಬಾದಿನವರ ಕಡೆಯಿಂದ ವಿವೇಕಾನಂದ ಎಂಬಾತ ಮಳಿಗೆಗೆ ಬಂದಿದ್ದ. ಮೂಲತಃ ನಮ್ಮ ಕಡೆಯವನೇ, ನಯವಾದ ಮಾತು. ಅವರಿಗೆ ಬೇಕಾದದ್ದು ಮುಖ್ಯವಾಗಿ ಒಂದೇ ಹಾಡು, ಕಮಲಾಪುರದ ಜಯದೇವಕ್ಕ ಹಾಡಿದ ‘ಗಾಳಿಯವ್ವ’. ಕೂಸು ಮಲಗಿದೆ, ಸಾವಕಾಶ ಬಾ ಎಂದು ತಾಯಿ ಗಾಳಿಗೆ ಹೇಳುವ ಜೋಗುಳ ಅದು. ಎಂದೋ ಕ್ಯಾಸೆಟ್ಟಿನ ಬಿ ಬದಿಯ ಕೊನೆಯಲ್ಲಿ ಹಾಕಿದ್ದೆ. ಈಗ ಕೂಸಿನ ವಿಡಿಯೋ ಹಾಕುವವರೆಲ್ಲ ಅದನ್ನೇ ಹಿಂದೆ ಹಚ್ಚುತ್ತಾರಂತೆ.

“ಹಾಡಿಗೆ ಡ್ರಮ್ಸ್ ಹಾಕಿ, ಹೊಸ ಗಾಯಕಿ ಕಡಿಂದ ಹಾಡಸ್ತೀವಿ ಸರ್. ಆದ್ರ ಹಳೇ ಕರಾರಿನಾಗ ಬರೇ ಕ್ಯಾಸೆಟ್ಟಿಗಷ್ಟೇ ಹಕ್ಕು ಅಂತ ಅದ. ಆ ಅಮ್ಮಾರದು ಒಂದು ಸಹಿ ಬೇಕು,” ಎಂದ.

ಅದೇನು ಮಹಾ ಎಂದೆ. ಜಯದೇವಕ್ಕ ನನ್ನ ಮಾತು ಮೀರುವವಳಲ್ಲ.

19 ಜೂನ್

ಕಮಲಾಪುರಕ್ಕೆ ಹೋಗಿಬಂದೆ. ಸಂತೆ ಇತ್ತು. ಜಯದೇವಕ್ಕ ಯಾವಾಗಿನಂತೆ ಬೇವಿನ ನೆರಳಿನಲ್ಲಿ ಕೆಂಪು ಬಾಳೆಯ ಗೊನೆಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ಎಪ್ಪತ್ತು ದಾಟಿದರೂ ದನಿ ಸಂತೆಯ ಆ ತುದಿಗೆ ಕೇಳುತ್ತದೆ.

“ಬಾರೋ ತಮ್ಮಾ ದೌಲಪ್ಪ! ಎಷ್ಟ್ ವರ್ಷ ಆಯ್ತು ಈ ಕಡಿ ಮುಖಾ ಮಾಡಿ!” ಎಂದು ಪಕ್ಕದಲ್ಲಿ ಗೋಣಿಚೀಲ ಹಾಸಿದಳು.

ಹಣ್ಣು ತಿನ್ನುತ್ತ ವಿಷಯ ಹೇಳಿದೆ. ಆಕೆ ಗಿರಾಕಿಗೆ ತೂಗಿ ಕೊಡುತ್ತಲೇ ಕೇಳಿಸಿಕೊಂಡಳು. ಆಮೇಲೆ ಕೇಳಿದಳು. “ಅವ್ರು ನನ್ನ ಕಡಿಂದ ಹಾಡಸ್ತಾರೇನು?”

“ಇಲ್ಲಕ್ಕಾ, ಬ್ಯಾರೆ ಹುಡುಗಿ ಕಡಿಂದ. ನಿಮಗ ಸುಮ್ನ ರೊಕ್ಕ ಬರ್ತದ.”

“ಹೊಸಾವು ಭಾಳ ಹಾಡು ಕಟ್ಟೀನಿ. ಅವ್ನು ಕೇಳ್ತಾರೇನು?”

“ಅದು… ಅವ್ರಿಗಿ ಹಳೇದೇ ಬೇಕಾಗ್ಯದ.”

ಜಯದೇವಕ್ಕ ತಕ್ಕಡಿ ಕೆಳಗಿಟ್ಟಳು. “ಅಂದ್ರ ಸತ್ತಾಕಿ ಹಾಡು ತಗೊಂಡಂಗ ತಗೋತಾರ. ನಾ ಇನ್ನ ಬದಕೀನಿ ತಮ್ಮಾ. ಸಹಿ ಮಾಡಂಗಿಲ್ಲ.”

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಒಂದು ಚಿಪ್ಪು ಬಾಳೆಹಣ್ಣು ಕೈಗಿತ್ತು, ಶೀಲಾಗೆ ಕೊಡು ಎಂದಳು. ಬಸ್ಸಿನಲ್ಲಿ ಆ ಹಣ್ಣು ತೊಡೆಯ ಮೇಲಿಟ್ಟುಕೊಂಡು ಕುದಿಯುತ್ತ ಬಂದೆ.

20 ಜೂನ್

ಈ ಹೆಂಗಸಿಗೆ ವ್ಯವಹಾರ ತಿಳಿಯುವುದಿಲ್ಲ.

24 ಜೂನ್

ಆಸ್ಫಿಯಾ ಬಂದಿದ್ದಳು, ನನ್ನ ರೆಕಾರ್ಡಿಸ್ಟ್ ಮಹಮ್ಮದನ ಮಗಳು. ಅವನು ತೀರಿಕೊಂಡು ನಾಲ್ಕು ವರ್ಷ ಆಗುತ್ತ ಬಂತು. ಸ್ಟುಡಿಯೋದ ಗಾಜಿನ ಈ ಕಡೆ ನಾವಿಬ್ಬರೂ ಕೂತು ಎಷ್ಟು ಹಾಡು ಹಿಡಿದೆವೋ ಲೆಕ್ಕವಿಲ್ಲ. ಹುಡುಗಿಗೆ ಈಗ ಇಪ್ಪತ್ತೊಂಬತ್ತು. ಮದುವೆ, ಮುಶಾಯಿರಾ, ಕಾಲೇಜಿನ ಕಾರ್ಯಕ್ರಮಗಳಿಗೆ ಸೌಂಡ್ ಹಾಕುತ್ತಾಳೆ. ವೈರು ಹೇರಿಕೊಂಡು ಸ್ಕೂಟಿಯಲ್ಲಿ ತಿರುಗುತ್ತಾಳೆ. ಮಾರುವ ಸುದ್ದಿ ಯಾರೋ ಹೇಳಿದ್ದಾರೆ.

“ಕಾಕಾ, ನನಗ ಕೊಡ್ರಿ,” ಎಂದಳು ಸೀದಾ.

“ಏನು, ಈ ಫ್ಯಾನ್?” ಎಂದೆ. ಮಳಿಗೆಯ ಸಾಮಾನು ಕೇಳಲು ಬಂದಿದ್ದಾಳೆ ಎಂದುಕೊಂಡಿದ್ದೆ.

“ಕಂಪನಿ, ಕಾಕಾ. ಒಮ್ಮೆಗೇ ಕೊಡಾಕ ಆಗಂಗಿಲ್ಲ, ಕಂತಿನ್ಯಾಗ ಕೊಡ್ತೀನಿ. ಆದ್ರ ನಾ ನಡಸ್ತೀನಿ. ಖಾಲಿ ಹಳೇದು ಮಾರಾಕ ಅಲ್ಲ.”

ನಕ್ಕುಬಿಟ್ಟೆ. ಆಕೆ ನಗಲಿಲ್ಲ. ಚಹಾ ಕುಡಿದು, ಹೋಗುವಾಗ ಕೇಳಿದಳು. “ಕಾಕಾ, ಗಂಡೋರಿ ಕಡಿಂದ ಕಡೀ ಹೊಸಾ ಹಾಡು ಯಾವಾಗ ಬಂತು?”

ನೆನಪಿಗೆ ಬರಲಿಲ್ಲ. ಮಹಮ್ಮದ ಬದುಕಿದ್ದಾಗಲೇ ನಿಂತಿತ್ತು. ಇಂಥ ಪ್ರಶ್ನೆ ಕೇಳುವವರಿಗೆ ಕಂಪನಿ ಕೊಟ್ಟರೆ ಆಯಿತು!

17 ಜುಲೈ

ಮೊಹರಮ್. ಸಂಜೆ ಓಣಿಯಲ್ಲಿ ಹುಡುಗರು ಸ್ಪೀಕರಿಗೆ ಫೋನ್ ಜೋಡಿಸಿ ಹಳೆಯ ಪದ ಹಚ್ಚಿದ್ದರು. ಹಾಡಿಗೆ ಮುಂಚೆ ಒಂದು ದಪ್ಪ ದನಿ: “ಗಂಡೋರಿ ಆಡಿಯೋ, ಕಲಬುರಗಿ. ಅರ್ಪಿಸುವವರು ದೌಲಪ್ಪ.” ನನ್ನದೇ ದನಿ. ಎಲ್ಲ ಕ್ಯಾಸೆಟ್ಟಿನ ಶುರುವಿಗೂ ಹಾಕುತ್ತಿದ್ದೆ. ಹುಡುಗರು ಯಾರೂ ನನ್ನ ಕಡೆ ನೋಡಲಿಲ್ಲ. ಆ ದನಿ ಎದುರಿಗೇ ನಿಂತಿದೆ ಎಂದು ಅವರಿಗೇನು ಗೊತ್ತು!

28 ಜುಲೈ

ವಿವೇಕಾನಂದ ಫೋನ್ ಮಾಡಿದ್ದ. ‘ಗಾಳಿಯವ್ವ’ ಇಲ್ಲದಿದ್ದರೆ ಮೊದಲು ಹೇಳಿದ ಬೆಲೆ ಆಗದು ಎಂದ. ಇನ್ನೊಮ್ಮೆ ಪ್ರಯತ್ನಿಸೋಣವೆಂದು ಕಮಲಾಪುರಕ್ಕೆ ಹೋದೆ.

ಜಯದೇವಕ್ಕನ ಮನೆಯ ಮುಂದೆ ಸ್ಕೂಟಿ ನಿಂತಿತ್ತು. ಒಳಗೆ ಹಾಡು ನಡೆದಿತ್ತು. ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟವನು ಅಲ್ಲೇ ನಿಂತೆ. ಬಾಗಿಲ ಸಂದಿಯಲ್ಲಿ ಆಸ್ಫಿಯಾ ಕಾಣುತ್ತಿದ್ದಳು, ನೆಲದ ಮೇಲೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಳು. ಜಯದೇವಕ್ಕನ ಹಾಡು ನಾನು ಕೇಳಿದ್ದಲ್ಲ, ಹೊಸದು.

ಹತ್ತೂರ ನೀರ ಕುಡದಂಥ ಹಳ್ಳಕ
ಯಾವೂರ ಹೆಸರ ಇಡಲೆವ್ವ

ದನಿ ಮೊದಲಿನ ಹಾಗೆ ನುಣುಪಾಗಿಲ್ಲ. ಮೇಲೆ ಹೋಗುವಲ್ಲಿ ಸ್ವಲ್ಪ ಒಡೆಯುತ್ತದೆ. ಒಡೆದದ್ದೇ ಆ ಜಾಗಕ್ಕೆ ಸರಿ ಎನಿಸುವ ಹಾಗಿತ್ತು. ಹಾಡು ಮುಗಿಯುವ ತನಕ ಅಲ್ಲಾಡಲಿಲ್ಲ. ನಡುವೆ ಹೋಗಿ ಟೇಕ್ ಕೆಡಿಸುವುದು ನಮ್ಮ ವೃತ್ತಿಯವರು ಮಾಡುವ ಕೆಲಸವಲ್ಲ.

ಮುಗಿದ ಮೇಲೂ ಒಳಗೆ ಹೋಗಲಿಲ್ಲ. ಬಿಸಿಲು ಬಹಳ ಇತ್ತು, ಬಸ್ಸಿಗೂ ಹೊತ್ತಾಗಿತ್ತು.

3 ಆಗಸ್ಟ್

ಆಸ್ಫಿಯಾಗೆ ಕೊಡುವುದೆಂದು ತೀರ್ಮಾನಿಸಿದೆ. ಕಾರಣ ಬೇರೆ ಏನಿಲ್ಲ. ಹೈದರಾಬಾದಿನವರ ಬೆಲೆ ಇಳಿಯಿತು, ಇಲ್ಲಿ ಕಂತಾದರೂ ಒಟ್ಟಿಗೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಲೆಕ್ಕಾಚಾರದ ಮಾತು.

ಶೀಲಾಗೆ ಹೇಳಿದೆ. ಅಕ್ಕನ ಮನೆಗೆ ಹೋಗಲಿಲ್ಲ. “ಕಮಲಾಪುರದಾಗ ಆ ಹುಡುಗಿ ಹಿಡಿಯೂ ಹಾಡು ಕೇಳಿ ಬಂದೀರಿ, ಅಲ್ರೀ?” ಎಂದು ಮಾತ್ರ ಕೇಳಿದಳು.

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ.

12 ಸೆಪ್ಟೆಂಬರ್

ವಕೀಲರ ಕಚೇರಿಯಲ್ಲಿ ಸಹಿ ಆಯಿತು. ಗಂಡೋರಿ ಆಡಿಯೋ ಇನ್ನು ಆಸ್ಫಿಯಾಳದು. ವಕೀಲರು ಒಂದು ಷರತ್ತು ಸೇರಿಸಿದ್ದಾರೆ: ಕಂತು ತಪ್ಪಿದರೆ ಕಂಪನಿ ನನಗೆ ವಾಪಸ್. ಅದನ್ನು ಓದುವಾಗ ಆಸ್ಫಿಯಾ ತಲೆ ಎತ್ತಲಿಲ್ಲ, ಸಹಿ ಮಾಡಿದಳು. ಆಕೆಯ ತಾಯಿ ಲತೀಫಾ ಭಾಭಿ ಪೇಡೆ ತಂದಿದ್ದರು. “ಮಹಮ್ಮದ್ ಭಾಯ್ ಇದ್ದಿದ್ರ…” ಎಂದು ನಾನೇ ಶುರು ಮಾಡಿ, ಪೇಡೆ ಬಾಯಿಗಿಟ್ಟುಕೊಂಡೆ.

ಹೊಸಬಳು ಕಲಿಯುವ ತನಕ ಸಲಹೆಗೆ ಬರುತ್ತಿರುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಪಾಪ, ಒಬ್ಬಳೇ ಏನು ಮಾಡುತ್ತಾಳೆ!

16 ಸೆಪ್ಟೆಂಬರ್

ಕಂಪನಿ ಈಗ ರೋಜಾ ಬಡಾವಣೆಯಲ್ಲಿ, ಆಸ್ಫಿಯಾಳ ಮನೆಯ ಮಾಳಿಗೆಯ ಕೋಣೆಯಲ್ಲಿ. ಟೇಪುಗಳನ್ನೆಲ್ಲ ಗೋಡೆಗುಂಟ ಜೋಡಿಸಿದ್ದಾಳೆ. ಚೆನ್ನಾಗಿದೆ. ಆದರೆ ಕೋಣೆಯಲ್ಲಿ ಇರುವುದು ಒಂದೇ ತಿರುಗು ಕುರ್ಚಿ, ಅದು ಕಂಪ್ಯೂಟರಿನ ಮುಂದೆ. ನಾನು ಅಭ್ಯಾಸಬಲದಿಂದ ಅದರಲ್ಲೇ ಕೂತೆ. ಆಕೆ ಒಂದಿಷ್ಟು ಹೊತ್ತು ನಿಂತೇ ಕೆಲಸ ಮಾಡಿದಳು. ಆಮೇಲೆ ಲತೀಫಾ ಭಾಭಿ ಮೇಲೆ ಬಂದು ನೋಡಿ, ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಬಾಗಿಲ ಬಳಿ ಇಟ್ಟರು. “ಭಾಯ್, ಇಧರ್ ಹವಾ ಅಚ್ಛಾ ಆತಾ,” ಎಂದರು.

ಗಾಳಿ ಚೆನ್ನಾಗಿಯೇ ಬರುತ್ತದೆ. ಅಲ್ಲಿಗೆ ಬದಲಾಯಿಸಿದೆ.

21 ಸೆಪ್ಟೆಂಬರ್

ಹಾಡುವವರಿಗೆ ಕೊಡುವ ಹೊಸ ಕರಾರು ತೋರಿಸಿದಳು. ಹಾಡು ಹಾಡಿದವರದೇ ಅಂತೆ. ಕಂಪನಿ ಕೆಲವು ವರ್ಷ ಇಟ್ಟುಕೊಂಡು ಮಾರಬಹುದು, ಆಮೇಲೆ ಅವರು ಬೇಕೆಂದರೆ ಮುಂದುವರಿಯುವುದು. ಹೀಗಾದರೆ ಮಾಲಕ ಎನ್ನಿಸಿಕೊಂಡವನ ಕೈಯಲ್ಲಿ ಉಳಿಯುವುದೇನು ಎಂದು ಕೇಳಿದೆ.

“ಕೆಲಸ, ಕಾಕಾ,” ಎಂದಳು.

ಇದು ನಡೆಯುವ ಮಾತಲ್ಲ. ಹೇಳುವುದು ನನ್ನ ಧರ್ಮ, ಹೇಳಿದ್ದೇನೆ.

27 ಸೆಪ್ಟೆಂಬರ್

ಇನ್ನು ಅಲ್ಲಿಗೆ ಹೋಗುವುದಿಲ್ಲ.

ಹಳೆಯ ಹಾಡುಗಳನ್ನು ಇಂಟರ್ನೆಟ್ಟಿಗೆ ಹೊಸದಾಗಿ ಏರಿಸುತ್ತಿದ್ದಾಳೆ. ಇಂದು ಒಂದನ್ನು ಕೇಳಿಸಿದಳು. ಶುರುವಿನಲ್ಲಿ ನನ್ನ ದನಿ ಇಲ್ಲ! ಸೀದಾ ತಾಳ. ಯಂತ್ರ ಕೆಟ್ಟಿದೆ ಎಂದುಕೊಂಡೆ.

“ತಗದೀನಿ ಕಾಕಾ,” ಎಂದಳು.

“ತಗದಿ? ಯಾರನ್ನ ಕೇಳಿ?”

ಕೇಳಿದ ಮೇಲೆ ನನಗೇ ಗೊತ್ತಾಯಿತು, ಆಕೆ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಬಾಯಿಂದ ಬಂದಾಗಿತ್ತು. ಆಸ್ಫಿಯಾ ಹೆಡ್‌ಫೋನ್ ತೆಗೆದು ಕೆಳಗಿಟ್ಟಳು. ದನಿ ಏರಿಸಲಿಲ್ಲ, ಅವಳಪ್ಪನೂ ಹಾಗೆಯೇ ಇದ್ದ.

“ಹಾಡು ಸುರುವಾಗೂ ಮುಂಚೆ ಮಾಲಕರು ಯಾಕ ಮಾತಾಡ್ಬೇಕು ಕಾಕಾ? ನಂದೂ ಹಾಕಿಲ್ಲ. ಹಾಡಿದವ್ರ ಹೆಸರು, ಊರ ಹೆಸರು, ಅಷ್ಟೇ ಬರದೀನಿ.”

“ಆ ದನಿ ಕೇಳೇ ಜನ ಇದು ಗಂಡೋರಿ ಅಂತ ಗುರ್ತು ಹಿಡೀತಿದ್ರು.”

“ಹಾಡು ಕೇಳಿ ಹಿಡೀಲಿ.”

ಚಪ್ಪಲಿ ಮೆಟ್ಟಿ ಇಳಿದುಬಂದೆ. ಲತೀಫಾ ಭಾಭಿ ಕರೆದರೂ ನಿಲ್ಲಲಿಲ್ಲ. ಇಷ್ಟು ವರ್ಷ ಕಟ್ಟಿದ್ದು ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತು.

5 ಅಕ್ಟೋಬರ್

ಮಳಿಗೆ ಕೆಡವುತ್ತಿದ್ದಾರೆ. ನೋಡಲು ಹೋಗಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಟಿವಿ ನೋಡಿದೆ. ಶೀಲಾ ಕೇಳಿದಳು, “ರೋಜಾದ ಕಡಿ ಹೋಗಂಗಿಲ್ಲೇನ್ರೀ?” ಇಲ್ಲ ಎಂದೆ. ಮತ್ತೆ ಟಿವಿ ನೋಡಿದೆ.

12 ಅಕ್ಟೋಬರ್

ವಿಜಯದಶಮಿ. ಸಂಜೆ ಬನ್ನಿ ಕೊಡುವವರು ಬಂದು ಹೋಗುತ್ತಿದ್ದರು. ಲತೀಫಾ ಭಾಭಿ, ಆಸ್ಫಿಯಾ ಇಬ್ಬರೂ ಬಂದರು. ಮಹಮ್ಮದ ಪ್ರತಿವರ್ಷ ಬರುತ್ತಿದ್ದ. ಅವನು ಹೋದ ಮೇಲೂ ಭಾಭಿ ಆ ರೂಢಿ ಬಿಟ್ಟಿಲ್ಲ. ಬನ್ನಿ ಕೈಗಿತ್ತು, “ಬಂಗಾರದಂಗ ಇರೂಣು ಕಾಕಾ,” ಎಂದು ಆಸ್ಫಿಯಾ ಕಾಲಿಗೆ ಬಾಗಿದಳು. ಎಬ್ಬಿಸಿದೆ.

ದನಿಯ ಮಾತು ಆಕೆ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಶೀಲಾ ಕರಿಗಡುಬು ಬಡಿಸಿದಳು. ಹೊರಡುವಾಗ ಆಸ್ಫಿಯಾ ಹೇಳಿದಳು. “ನಾಳಿ ಬಿಟ್ಟು ಮುಂದಿನ ಐತ್ವಾರ ಜಯದೇವಿ ಅಮ್ಮಾರ ಹೊಸಾ ಹಾಡು ಹಿಡೀಲಿಕತ್ತೀವಿ. ನೀವು ಬರಬೇಕಂತ. ಅವ್ರೇ ಹೇಳ್ಯಾರ. ದೌಲಪ್ಪ ಇಲ್ಲಂದ್ರ ನಾ ಬಾಯಿ ಬಿಡಂಗಿಲ್ಲ ಅಂದಾರ.”

ಹಿರಿಯಳ ಮಾತು. ಹೋಗಬೇಕಾಗುತ್ತದೆ.

20 ಅಕ್ಟೋಬರ್

ಕಮಲಾಪುರದಿಂದ ಈಗಷ್ಟೇ ಬಂದೆ. ದಣಿವಾಗಿದೆ, ಆದರೂ ಬರೆದೇ ಏಳುತ್ತೇನೆ.

ಜಯದೇವಕ್ಕನ ಮನೆಯ ಪಡಸಾಲೆಯಲ್ಲೇ ಮೈಕು ಇಟ್ಟಿದ್ದರು. ಹೋದವನೇ ಕೋಳಿಗಳನ್ನು ಓಡಿಸಿದೆ, ಕಿಟಕಿ ಮುಚ್ಚಿದೆ, ತೊಲೆಗೆ ತೂಗುಬಿಟ್ಟ ತೊಟ್ಟಿಲ ಸರಪಳಿಗೆ ಬಟ್ಟೆ ಸುತ್ತಲು ಹೊರಟೆ. ಆಸ್ಫಿಯಾ ನನ್ನ ಹಿಂದೆಯೇ ಬಂದು ಕಿಟಕಿ ತೆರೆದಳು.

“ಇರ್ಲಿ ಕಾಕಾ. ಅಮ್ಮಾರು ಹಾಡೂದು ಈ ಮನ್ಯಾಗೇ. ಮನಿ ಸಪ್ಪಳಾ ಬರ್ಲಿ.”

“ನಿಮ್ಮಪ್ಪ ಇದ್ದಿದ್ರ ಕೂದಲ ಹರಕೋತಿದ್ದ.”

“ಹೌದು,” ಎಂದು ನಕ್ಕಳು. “ಅಪ್ಪಾನ ಕೂಡನೂ ಇದೇ ಜಗಳಾ ಮಾಡ್ತಿದ್ದೆ.”

ಮೊದಲ ಎರಡು ಸಲ ಹಾಡು ಕೂಡಿಬರಲಿಲ್ಲ. ಜಯದೇವಕ್ಕ ಗೋಡೆ ನೋಡುತ್ತ ಹಾಡುತ್ತಿದ್ದಳು, ದನಿ ಹೊರಗೇ ಬರುತ್ತಿರಲಿಲ್ಲ. ಮೂರನೆಯ ಸಲ ನಡುವೆ ನಿಲ್ಲಿಸಿ, “ಯಾರ ಮುಂದ ಹಾಡ್ಲೆ ಯವ್ವಾ? ಈ ಕಬ್ಬಣದ ಕಡ್ಡಿ ಮುಂದ?” ಎಂದು ಸಿಟ್ಟು ಮಾಡಿದಳು.

ಆಸ್ಫಿಯಾ ನನ್ನ ಕಡೆ ತಿರುಗಿದಳು. “ಕಾಕಾ, ನೀವ್ ಮುಂದ ಕುಂದರ್ರಿ. ಏನೂ ಮಾಡಬ್ಯಾಡ್ರಿ. ಬರೇ ಕೇಳ್ರಿ.”

ಜಯದೇವಕ್ಕನ ಎದುರು ಚಾಪೆಯ ಮೇಲೆ ಕೂತೆ. ಇಷ್ಟು ವರ್ಷ ನಾನು ಗಾಜಿನ ಈಚೆ ಇರುತ್ತಿದ್ದೆ, ಕಣ್ಣು ಮೀಟರಿನ ಮುಳ್ಳಿನ ಮೇಲೆ. ಹಾಡುವಾಗ ಆಕೆಯ ಮುಖವನ್ನು ನೋಡಿಯೇ ಇರಲಿಲ್ಲ. ಕಣ್ಣು ಮುಚ್ಚುವುದಿಲ್ಲ ಆಕೆ, ಕೇಳುವವನನ್ನೇ ನೋಡುತ್ತಾಳೆ. ಹುಬ್ಬಿನಲ್ಲಿ ಪ್ರಶ್ನೆ ಕೇಳುತ್ತಾಳೆ. ಹತ್ತೂರ ನೀರು ಕುಡಿದ ಹಳ್ಳಕ್ಕೆ ಯಾವೂರ ಹೆಸರಿಡಲಿ ಎಂದು ನನ್ನನ್ನೇ ಕೇಳಿದ ಹಾಗಾಯಿತು. ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದೆ. ಆಕೆ ನಕ್ಕಳು, ಆ ನಗು ಹಾಡಿನ ಮುಂದಿನ ಸಾಲಿನೊಳಗೆ ಹೋಯಿತು. ಹೊರಗೆ ಕೋಳಿ ಕೂಗಿತು. ಕೂಗಲಿ.

ಹಾಡು ಮುಗಿದಾಗ ಆಸ್ಫಿಯಾ ಹೆಬ್ಬೆರಳು ಎತ್ತಿದಳು. ಜಯದೇವಕ್ಕ, “ಇನ್ನೊಂದು ಹಾಡ್ಲೇನೋ ತಮ್ಮಾ?” ಎಂದಳು.

ಸಂಜೆಯವರೆಗೆ ಹಾಡಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು ಬಂದೆವು.

ಹಾಡುವವರ ಎದುರು ಒಬ್ಬರು ಕೂರಬೇಕು. ಇದು ನಮ್ಮ ಸ್ಟುಡಿಯೋದಲ್ಲಿ ಯಾರಿಗೂ ಹೊಳೆದಿರಲಿಲ್ಲ.

2 ಡಿಸೆಂಬರ್

ಕೆಟ್ಟ ಸುದ್ದಿ. ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಗೃಹಪ್ರವೇಶಕ್ಕೆ ಆಸ್ಫಿಯಾ ಸೌಂಡ್ ಹಾಕಿದ್ದಳಂತೆ. ಕರೆಂಟು ಹೋಗಿ ಯಾರೋ ಜನರೇಟರ್ ತಪ್ಪಾಗಿ ಜೋಡಿಸಿದರು. ಮಿಕ್ಸರ್, ಆಂಪ್ಲಿಫೈಯರ್ ಎಲ್ಲ ಸುಟ್ಟುಹೋದವು. ಯಾರಿಗೂ ಏನೂ ಆಗಿಲ್ಲ, ಅದೊಂದು ಪುಣ್ಯ. ಆದರೆ ಆಕೆಯ ಗಳಿಕೆಯೇ ಆ ಸಾಮಾನಿನಿಂದ. ಹಾಡಿನ ಕಂಪನಿ ಇನ್ನೂ ತನ್ನ ಹೊಟ್ಟೆ ತಾನು ತುಂಬಿಕೊಳ್ಳುವ ಹಂತಕ್ಕೆ ಬಂದಿಲ್ಲ.

ಫೋನ್ ಮಾಡಿದೆ. “ಫಿಕರ್ ಮಾಡಬ್ಯಾಡ್ರಿ ಕಾಕಾ,” ಎಂದು ಬೇಗ ಇಟ್ಟುಬಿಟ್ಟಳು.

5 ಡಿಸೆಂಬರ್

ವಿವೇಕಾನಂದ ಫೋನ್ ಮಾಡಿದ್ದ. ಸುದ್ದಿ ಎಷ್ಟು ಬೇಗ ತಲುಪುತ್ತದೆ!

“ಸರ್, ಅವ್ರಿಗಿ ಈ ಸಲದ ಕಂತು ಕಟ್ಟಾಕ ಆಗಂಗಿಲ್ಲ ಕಾಣಸ್ತದ. ಕರಾರಿನ ಪ್ರಕಾರ ಕಂಪನಿ ನಿಮಗ ವಾಪಸ್ ಬರ್ತದಲ್ರಿ? ನಾವು ಮೊದಲಿನ ಬೆಲೀಗೇ ತಗೋತೀವಿ.”

ಊಟಕ್ಕೆ ಕೂತಾಗ ಶೀಲಾಗೂ ಪ್ರೀತಿಗೂ ಹೇಳಿದೆ. ಶೀಲಾ ಹೇಳಿದಳು, “ಕಾಯ್ದೆ ಪ್ರಕಾರ ನಿಮ್ದೇ ಆಗ್ತದಲ್ಲ. ನಿಮಗ ಅದೇ ಬೇಕಾಗಿತ್ತು. ತಗೋರಿ.”

ನನಗೆ ಅದೇ ಬೇಕಾಗಿತ್ತೇ? ಮತ್ತೆ ಮಾಲಕ. ತಿರುಗು ಕುರ್ಚಿ. ನನ್ನ ದನಿಯನ್ನು ಎಲ್ಲ ಹಾಡಿನ ಮುಂದೆ ಮತ್ತೆ ಹಾಕಬಹುದು, ಹಾಕಿ ಮಾರಬಹುದು.

ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಇತ್ತೀಚೆಗೆ ಜೋಳ ಸರಿ ಬರುತ್ತಿಲ್ಲ.

6 ಡಿಸೆಂಬರ್

ಇಡೀ ದಿನ ಟಿವಿ ನೋಡಿದೆ.

8 ಡಿಸೆಂಬರ್

ರೋಜಾಕ್ಕೆ ಹೋಗಿದ್ದೆ. ಮಾಳಿಗೆಯ ಕೋಣೆಯಲ್ಲಿ ಸುಟ್ಟ ಮಿಕ್ಸರ್ ಬಿಚ್ಚಿಟ್ಟುಕೊಂಡು ಆಸ್ಫಿಯಾ ಕೂತಿದ್ದಳು. ಕಣ್ಣು ಬಾತಿದ್ದವು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೆ.

“ವಿವೇಕಾನಂದ ಫೋನ್ ಮಾಡಿದ್ರು ಕಾಕಾ. ನಿಮಗೂ ಮಾಡಿರ್ತಾರ.”

“ಹೂಂ.”

“ನೀವು ಕೇಳಾಕ ಬಂದೀರಿ ಅಂತ ಗೊತ್ತದ. ಕೊಟ್ಟುಬಿಡ್ತೀನಿ. ನಿಮ್ಮ ಹಕ್ಕು ಅದ, ವಾಪಸ್ ತಗೋರಿ. ಜಯದೇವಿ ಅಮ್ಮಾರ ಹೊಸಾ ಹಾಡಷ್ಟು ಅವ್ರಿಗೇ ಕೊಟ್ಟು, ಉಳದದ್ದು…” ಮುಖ ಆ ಕಡೆ ತಿರುಗಿಸಿ ಸ್ಕ್ರೂ ಡ್ರೈವರ್ ಹುಡುಕತೊಡಗಿದಳು. ಅದು ಕೈಯಲ್ಲೇ ಇತ್ತು.

ನಾನು ಏನು ಹೇಳಬೇಕೆಂದು ಮನೆಯಿಂದ ಜೋಡಿಸಿಕೊಂಡು ಬಂದಿರಲಿಲ್ಲ. “ಈ ತಿಂಗಳು ಎಷ್ಟು ಮದಿವಿ ಒಪ್ಪಿಕೊಂಡೀದಿ?” ಎಂದು ಕೇಳಿದೆ.

“ಎಲ್ಲಾ ಕ್ಯಾನ್ಸಲ್ ಮಾಡ್ಬೇಕು ಇನ್ನ.”

“ಮಾಡಬ್ಯಾಡ. ನಮ್ಮನಿ ಅಟ್ಟದ ಮ್ಯಾಲ ಹಳೇ ಮಿಕ್ಸರ್ ಅದ, ಎರಡು ಆಂಪ್ಲಿಫೈಯರ್ ಅವ. ಮಳಗಿ ಖಾಲಿ ಮಾಡುವಾಗ ಇಟಗೊಂಡಿದ್ದೆ. ಭಾರ ಬಿಟ್ರ ಬ್ಯಾರೆ ಏನೂ ದೋಷ ಇಲ್ಲ.”

ಆಸ್ಫಿಯಾ ನನ್ನನ್ನೇ ನೋಡಿದಳು. “ಮತ್ತ ಕಂತು?”

“ಕೊಡೂ ಕಾಲಕ್ಕ ಕೊಡು. ನನಗೇನು ಅವಸರ ಇಲ್ಲ.”

“ಒಬ್ಬಾಕಿ ಅಷ್ಟು ಭಾರದ್ದು ಎತ್ತಾಕ ಆಗಂಗಿಲ್ಲ ಕಾಕಾ. ಎತ್ತೂ ಹುಡುಗ್ರೂ ಬಿಟ್ಟು ಹೋಗ್ಯಾರ.”

“ನಾ ಬರ್ತೀನಿ.”

ಇದು ಬಾಯಿಂದ ಹೇಗೆ ಬಂತೋ. ಲತೀಫಾ ಭಾಭಿ ಮೆಟ್ಟಿಲ ಮೇಲೆ ಚಹಾ ಹಿಡಿದು ನಿಂತವರು ಅಲ್ಲೇ ನಿಂತುಬಿಟ್ಟಿದ್ದರು.

ಷರತ್ತಿನ ಕಾಗದದ ಸುದ್ದಿ ನಾನು ತೆಗೆಯಲಿಲ್ಲ. ಯಾವಾಗಲಾದರೂ ವಕೀಲರಿಗೆ ಹೇಳಿ ಆ ಸಾಲು ಹೊಡೆಸಬೇಕು, ಸುಮ್ಮನೆ ಎಲ್ಲರಿಗೂ ತಲೆನೋವು.

14 ಡಿಸೆಂಬರ್

ಬೆನ್ನು ನೋವು. ಶೀಲಾ ಎಣ್ಣೆ ಹಚ್ಚುತ್ತ ಬೈಯುತ್ತಿದ್ದಾಳೆ, ನಡುನಡುವೆ ನಗುತ್ತಾಳೆ.

ಇಂದು ಮಹಾಗಾಂವದಲ್ಲಿ ಮದುವೆ, ನನ್ನ ಹುಟ್ಟೂರು. ಟೆಂಪೋದಿಂದ ಪೆಟ್ಟಿಗೆ ಇಳಿಸಿ ಮಂಟಪದ ಸುತ್ತ ವೈರು ಹಾಸುತ್ತಿದ್ದೆ. ನನ್ನ ಜೊತೆ ಶಾಲೆ ಕಲಿತ ಖಂಡೆಪ್ಪ ರೇಷ್ಮೆ ರುಮಾಲು ಸುತ್ತಿಕೊಂಡು ಬಂದ, ವರನ ಸೋದರಮಾವನಂತೆ.

“ಏನ್ ದೌಲಪ್ಪ! ಕ್ಯಾಸೆಟ್ ಕಂಪನಿ ಮಾಲಕ ನೀ. ಇದೇನ್ ಕೆಲಸಾ ಹಚಗೊಂಡೀದಿ ಈ ವಯಸ್ಸಿನ್ಯಾಗ?”

“ಸರಿ ಸ್ವಲ್ಪ, ವೈರ್ ಮ್ಯಾಲ ನಿಂತೀದಿ,” ಎಂದೆ. ಅವನು ಸರಿದ.

ಅಕ್ಷತೆ ಬೀಳುವ ಹೊತ್ತಿಗೆ ಒಂದು ಮೈಕು ಕೂಗತೊಡಗಿತು. ಆಸ್ಫಿಯಾ ದೂರದಿಂದ ನನ್ನ ಕಡೆ ನೋಡಿದಳು. ನಾನು ಆಗಲೇ ಸ್ಪೀಕರಿನ ಮುಖ ತಿರುಗಿಸಿದ್ದೆ. ಆಕೆ ತಲೆ ಆಡಿಸಿದಳು. ಅಷ್ಟೇ.

ಊಟದ ಪಂಕ್ತಿಯಲ್ಲಿ ಪೀರಪ್ಪ ಎಂಬಾತ ಪಕ್ಕದಲ್ಲಿ ಕೂತಿದ್ದ. ಹೊಲದಲ್ಲಿ ದುಡಿಯುವವನು, ಮೊಹರಮ್ ಪದ ಹಾಡುತ್ತಾನಂತೆ. ಹೋಳಿಗೆ ಮುಗಿಯುವಷ್ಟರಲ್ಲಿ ಎರಡು ನುಡಿ ಹಾಡಿಯೂ ತೋರಿಸಿದ. ಗಂಟಲು ಅಂದರೆ ಅದು. ನಮ್ಮಲ್ಲಿ ಹಾಡುತ್ತೀರಾ ಎಂದು ಕೇಳಿದೆ. ಹಿಂದೆ ಯಾರೋ ಹಾಡಿಸಿಕೊಂಡು ಹೋಗಿ ತಿರುಗಿ ನೋಡಲಿಲ್ಲವಂತೆ, ಹಿಂಜರಿದ.

“ನಮ್ಮಲ್ಲಿ ಹಂಗಿಲ್ರಿ. ಹಾಡು ನಿಮ್ದೇ ಇರ್ತದ. ನಾವು ಬರೇ ಇಟಗೊಂಡು ನಾಕ್ ಮಂದಿಗಿ ಕೇಳಸ್ತೀವಿ. ಬ್ಯಾಡ ಅನಸಿದ್ರ ವಾಪಸ್ ತಗೋರಿ,” ಎಂದು ವಿವರವಾಗಿ ತಿಳಿಸಿದೆ. ಒಪ್ಪಿಕೊಂಡ. ಸರಿಯಾಗಿ ಬಿಡಿಸಿ ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ನಮ್ಮ ಕರಾರಿನಲ್ಲಿ ಸಂಶಯಪಡುವಂಥದ್ದು ಏನಿದೆ?

4 ಜನವರಿ 2025

ವಿವೇಕಾನಂದ ಹೈದರಾಬಾದಿನಿಂದ ಬಂದಿದ್ದ. ಮೊದಲು ನಮ್ಮ ಮನೆಗೆ ಬಂದು ಕಂಪನಿಯ ಮಾತು ತೆಗೆದ. ನನ್ನನ್ನು ಕೇಳಿ ಉಪಯೋಗವಿಲ್ಲ ಎಂದು ರೋಜಾಕ್ಕೆ ಕರೆದುಕೊಂಡು ಹೋದೆ.

ಆಸ್ಫಿಯಾ ಅವನಿಗೆ ತಿರುಗು ಕುರ್ಚಿ ಕೊಟ್ಟು ತಾನು ನಿಂತು ಮಾತಾಡಿದಳು. ಕಂಪನಿ ಮಾರುವುದಿಲ್ಲ. ‘ಗಾಳಿಯವ್ವ’ ಬೇಕಿದ್ದರೆ ಡ್ರಮ್ಸ್ ಹಾಕಲಿ, ಹೊಸ ವಾದ್ಯ ಹಾಕಲಿ, ಆದರೆ ಹಾಡುವುದು ಜಯದೇವಿ ಅಮ್ಮಾರೇ, ಹೆಸರೂ ಅವರದೇ. ಅವರು ಹೂಂ ಅಂದರೆ ಮಾತ್ರ.

“ಆ ವಯಸ್ಸಿನವ್ರು ನಮ್ಮ ಡ್ರಮ್ಸ್ ಕೂಡ ಹಾಡ್ತಾರೇನ್ರಿ?” ಎಂದು ವಿವೇಕಾನಂದ ಸಂಶಯಪಟ್ಟ.

ಅಲ್ಲಿಂದಲೇ ಫೋನ್ ಹಚ್ಚಿದೆವು. ಜಯದೇವಕ್ಕ ಆ ಕಡೆಯಿಂದ ಕೂಗಿದ್ದು ಕೋಣೆಗೆಲ್ಲ ಕೇಳಿತು. “ಡ್ರಮ್ ಹಾಕ್ಲಿ, ಡೊಳ್ಳು ಹಾಕ್ಲಿ, ನನಗೇನು! ನಾ ಬದಕಿದ್ದಾಗ ಹಾಕ್ಲಿ ಅಂತೇ ಅಂದೆ. ಯಾವಾಗ ಬರ್ಬೇಕು ಹೇಳು.”

ನಾನು ಆಕೆಗೆ ಡ್ರಮ್ಸ್ ಬೇಡವಾಗಿತ್ತೆಂದೇ ಇಷ್ಟು ದಿನ ತಿಳಿದಿದ್ದೆ.

ವಿವೇಕಾನಂದ ಮೇಲಿನವರನ್ನು ಕೇಳಿ ತಿಳಿಸುತ್ತೇನೆಂದು ಹೋದ. ಮುಖ ನೋಡಿದರೆ ಒಪ್ಪುತ್ತಾರೆ ಎನಿಸುತ್ತದೆ. ಒಪ್ಪದಿದ್ದರೂ ಆಸ್ಫಿಯಾ ಬಗ್ಗುವವಳಲ್ಲ.

23 ಜನವರಿ

ನಾಳೆ ಮಹಾಗಾಂವದಲ್ಲಿ ಪೀರಪ್ಪನ ರೆಕಾರ್ಡಿಂಗ್. ಹಿಂದೆ ಹಾಡುವವರು ನಾಲ್ಕು ಮಂದಿ ಇದ್ದಾರಂತೆ, ಮೈಕು ಸಾಲದು. ಬೇರೆಯವರ ಹತ್ತಿರ ಕೇಳಿ ಒಂದು ತಂದಿಟ್ಟಿದ್ದೇನೆ. ಹೊಲದ ಗುಡಿಸಲಲ್ಲೇ ಹಾಡಿಸುವ ವಿಚಾರವಿದೆ. ತೊಗರಿ ರಾಶಿ ನಡೆದಿದೆ, ಯಂತ್ರದ ಸಪ್ಪಳ ಶುರುವಾಗುವ ಮುಂಚೆ ಮುಗಿಸಬೇಕು.

ಪೀರಪ್ಪನ ಎದುರು ಕೂರುವವನು ನಾನೇ. ಈ ಸಲ ಶೀಲಾನೂ ಬರುತ್ತಾಳಂತೆ. ನೀ ಬಂದು ಏನು ಮಾಡುತ್ತೀ ಎಂದೆ. “ಕೇಳ್ತೀನಿ,” ಎಂದಳು.

ಏಳಕ್ಕೆ ರೋಜಾದಲ್ಲಿರಬೇಕು. ಮಾಲಕರು ತಡ ಮಾಡಿದವರನ್ನು ಬಿಟ್ಟು ಹೊರಟುಬಿಡುತ್ತಾರೆ.